ಕಾರ್ನಿಂಗಿನ ಗಾಜಿನ ಮನೆ

ಗಾಜಿನ ಮನೆಯೆಂದೊಡನೆ ನಮ್ಮವರಿಗೆ ನೆನಪಾಗುವುದು ಬೆಂಗಳೂರಿನ ಲಾಲ್‌ಬಾಗು. 1889ರಲ್ಲಿ ಅಡಿಗಲ್ಲು ಹಾಕಿದ ಆ ಮನೆಗೆ ಗಾಜು ಬರಿಯ ಹೊದಿಕೆ. ಜನ ನೋಡಹೋಗುವುದು ಒಳಗೆ ಜೋಡಿಸಿಟ್ಟ ಹೂವನ್ನು. ನಾನು ಈಗ ನಿಮ್ಮನ್ನು ಕರೆದುಕೊಂಡು ಹೋಗಬೇಕೆಂದಿರುವ ಮನೆಯಲ್ಲಿ ನೋಡತಕ್ಕದ್ದು ಗಾಜನ್ನೇ. ಮೂರೂವರೆ ಸಾವಿರ ವರ್ಷಗಳಿಂದ ಮನುಷ್ಯ ಮಾಡಿದ ಗಾಜಿನ ವಸ್ತುಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚನ್ನು ಅಲ್ಲಿ ಕೂಡಿಟ್ಟಿದ್ದಾರೆ. ಅದು ಇರುವುದು ಅಮೆರಿಕ ದೇಶದ ನ್ಯೂಯಾರ್ಕ್ ಸಂಸ್ಥಾನದ ಕಾರ್ನಿಂಗ್ ಎಂಬ ಸಣ್ಣ ಊರಿನಲ್ಲಿ.

ಅಷ್ಟು ದೂರದ ಊರಿನ ಮಾತು ನಮಗೇಕೆ ಎಂದು ಕೇಳುವಿರಾದರೆ, ಅದಕ್ಕೆ ಕಾರಣವಿದೆ. ಇಂದು ನಮ್ಮ ಪಟ್ಟಣಗಳಲ್ಲಿ ಎಷ್ಟೋ ಮನೆಗಳ ಮಗನೋ ಮಗಳೋ ಆ ದೇಶದಲ್ಲಿ ನೆಲೆಸಿದ್ದಾರೆ. ಬೇಸಗೆಯಲ್ಲಿ ತಂದೆತಾಯಿಗಳು ಹೋಗುತ್ತಾರೆ. ಹೋದವರನ್ನು ಮಕ್ಕಳು ತಪ್ಪದೆ ನಯಾಗರಾ ಜಲಪಾತಕ್ಕೆ ಕರೆದೊಯ್ಯುತ್ತಾರೆ. ನ್ಯೂಜೆರ್ಸಿಯ ಕಡೆಯಿಂದ ಅಲ್ಲಿಗೆ ಹೋಗುವ ಮೋಟಾರು ದಾರಿಯಲ್ಲಿ ಕಾರ್ನಿಂಗ್ ಸಿಗುತ್ತದೆ. ಬಹುಮಂದಿ ಒಂದು ಗಂಟೆ ಇಳಿದು, ಅಂಗಡಿಯಲ್ಲಿ ಒಂದು ಗಾಜಿನ ಸೇಬನ್ನು ಕೊಂಡು, ಗಾಡಿ ಹತ್ತಿಬಿಡುತ್ತಾರೆ. ಇದು ನನಗೆ ಸರಿಯೆನಿಸದು. ನೀವು ಹೋಗುವವರಾದರೆ ಒಂದು ಇಡೀ ದಿನವನ್ನು ಅಲ್ಲಿಗಾಗಿ ತೆಗೆದಿಡಿ. ಹಿಂದಿನ ರಾತ್ರಿ ಹತ್ತಿರದ ಕಾಡಿನಲ್ಲಿ ಡೇರೆ ಹೂಡಿ ತಂಗಿರಿ. ನಾವು ಮಗನ ಸಂಸಾರದೊಡನೆ ಹಾಗೆಯೇ ಮಾಡಿದೆವು. ಹೋಗದಿರುವವರೂ ಇದನ್ನು ಓದಿದರೆ ನಷ್ಟವಿಲ್ಲ. ನಿಮ್ಮ ಅಡುಗೆಮನೆಯ ಗಾಜಿನ ಲೋಟದ ಕಥೆಯೂ ಇದರಲ್ಲಿ ಸೇರಿದೆ.

ಡೇರೆ ಹೂಡತಕ್ಕ ಜಾಗ ವಾಟ್ಕಿನ್ಸ್ ಗ್ಲೆನ್. ಕಾರ್ನಿಂಗಿಗೆ ಸುಮಾರು ಇಪ್ಪತ್ತು ಮೈಲಿ, ಸೆನೆಕಾ ಎಂಬ ಉದ್ದನೆಯ ಸರೋವರದ ತೆಂಕಣ ತುದಿ. ಅಲ್ಲಿನ ಸರ್ಕಾರೀ ವನದಲ್ಲಿ ಒಂದೊಂದು ಸಂಸಾರಕ್ಕೂ ಒಂದೊಂದು ಜಾಗವನ್ನು ಗೊತ್ತುಮಾಡಿ ಕೊಡುತ್ತಾರೆ. ಜಾಗವನ್ನು ಮುಂಚಿತವಾಗಿ ಕಾದಿರಿಸಬೇಕು. ನೆಲದ ಮೇಲೆ ಮಲಗಲು ಐವತ್ತು ದಾಟಿದವರು ಹಿಂಜರಿಯಬಹುದು. ದಪ್ಪನೆಯ ಹಾಸು ಒಂದಿದ್ದರೆ ನಿದ್ರೆಗೇನೂ ಭಂಗವಿಲ್ಲ. ವನದ ನಡುವೆ ಒಂದು ಹಳ್ಳ ಬಂಡೆಯನ್ನು ಸೀಳಿಕೊಂಡು ಆಳವಾದ ಕಮರಿಯನ್ನು ಮಾಡಿದೆ. ಎರಡು ಮೈಲಿಯೊಳಗೆ 19 ಜಲಪಾತಗಳು, 832 ಕಲ್ಲಿನ ಮೆಟ್ಟಿಲುಗಳು; ಎರಡು ಕಡೆ 200 ಅಡಿ ಎತ್ತರದ ಬಂಡೆಗೋಡೆ. ಚಳಿಗಾಲದಲ್ಲಿ ಈ ದಾರಿಯನ್ನು ಮುಚ್ಚಿರುತ್ತಾರೆ. ಮೊದಲಿದ್ದ ಕಾಲುದಾರಿಗಳು 1935ರ ಜುಲೈ ತಿಂಗಳ ಮಹಾಪೂರದಲ್ಲಿ ಹಾಳಾದವು. ಇಂದಿನ ಕಲ್ಲಿನ ದಾರಿ ಆಮೇಲೆ ಕಟ್ಟಿದ್ದು. ಆ ವರ್ಷವನ್ನು ನೆನಪಿನಲ್ಲಿಡಿ. ಅದೇ ಮಳೆ ಕಾರ್ನಿಂಗಿನಲ್ಲಿ ಏನು ಮಾಡಿತೆಂಬುದನ್ನು ಮುಂದೆ ಹೇಳುತ್ತೇನೆ.

ಈಗ ಗಾಜಿನ ವಿಷಯ. ಸಂಸ್ಕೃತದ ಕಾಚ ಶಬ್ದವೇ ಕನ್ನಡದಲ್ಲಿ ಗಾಜು ಆಗಿದೆಯೆಂಬುದು ನಿಘಂಟುಕಾರರ ಮತ. ತೆಲುಗಿನವರಿಗೆ ಗಾಜು ಎಂದರೆ ಬಳೆಯೂ ಹೌದು. ಹಳೆಯ ಕವಿಗಳಿಗೆ ಕಾಚವೆಂದರೆ ಅಷ್ಟಾಗಿ ಗೌರವವಿರಲಿಲ್ಲ. ಮಣಿಯನ್ನು ಹೊಗಳಬೇಕಾದಾಗ ಪಕ್ಕಕ್ಕೆ ಗಾಜನ್ನು ತಂದು ನಿಲ್ಲಿಸುವುದು ಅವರ ವಾಡಿಕೆ. ಮರಳಿನಿಂದ ಹುಟ್ಟಿದ ವಸ್ತುವೆಂಬ ಅಸಡ್ಡೆಯೋ ಏನೋ. ಗಾಜಿನ ಮೂಲದ್ರವ್ಯ ಮರಳೇ ಸರಿ. ಬರಿಯ ಮರಳು ಕರಗಬೇಕಾದರೆ 1,700 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾವು ಬೇಕು. ಅದಕ್ಕೆ ಸೋಡಾ ಬೆರೆಸಿದರೆ ಎಷ್ಟೋ ಕಡಿಮೆ ಕಾವಿಗೇ ಕರಗುತ್ತದೆ. ಆದರೆ ಮರಳು ಸೋಡಾಗಳಷ್ಟರಿಂದಲೇ ಆದ ಗಾಜು ನೀರಿಗೆ ತಡೆಯದು. ಸುಣ್ಣವೂ ಸೇರಿದರೆ ಗಟ್ಟಿ ನಿಲ್ಲುತ್ತದೆ. ಕೋಬಾಲ್ಟ್ ಬೆರೆತರೆ ನೀಲಿ, ಚಿನ್ನದ ಅತಿ ಸೂಕ್ಷ್ಮ ಕಣಗಳಿಂದ ಮಾಣಿಕ್ಯದ ಕೆಂಪು, ಕಬ್ಬಿಣವಿದ್ದರೆ ಹಸುರು.

ಇಷ್ಟನ್ನು ತಿಳಿದುಕೊಂಡು ನೀವು ಒಳಗೆ ಹೋದಿರೆನ್ನಿ. ಮೊದಲು ಪ್ರಾಚೀನ ವಸ್ತುಗಳ ಕೋಣೆಗೆ ನುಗ್ಗಬೇಡಿ. ಕುಲುಮೆಯ ಮುಂದೆ ಮೆಟ್ಟಿಲು ಮೆಟ್ಟಿಲಾಗಿ ಆಸನಗಳನ್ನು ಹಾಕಿದ್ದಾರೆ. ಅಲ್ಲಿ ಅರ್ಧ ಗಂಟೆ ಕುಳಿತುಕೊಳ್ಳಿ. ಕೆಲಸಗಾರನು ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಕರಗಿದ ಗಾಜನ್ನು ಸುತ್ತಿಕೊಂಡು ಹೊರಗೆಳೆಯುತ್ತಾನೆ. ನೋಡಲು ಅದು ಜೇನಿನ ಮುದ್ದೆಯಂತೆ. ಕಾವು ಸಾವಿರ ಡಿಗ್ರಿಗೂ ಮೇಲೆ. ಕೊಳವೆಯನ್ನು ತಿರುಗಿಸುತ್ತಲೇ ಇರಬೇಕು. ಕ್ಷಣ ನಿಲ್ಲಿಸಿದರೆ ಮುದ್ದೆ ಒಂದು ಪಕ್ಕಕ್ಕೆ ಜೋತುಬೀಳುತ್ತದೆ. ಊದುತ್ತಾನೆ, ತಿರುಗಿಸುತ್ತಾನೆ, ಒದ್ದೆ ಕಾಗದದ ಮಡಿಕೆಯನ್ನು ಅಂಗೈಯಲ್ಲಿಟ್ಟುಕೊಂಡು ನೀವುತ್ತಾನೆ, ಮತ್ತೆ ಒಲೆಗೆ ತೋರಿಸುತ್ತಾನೆ. ಹೂದಾನಿಯ ಬುಡಕ್ಕೆ ಇನ್ನೊಂದು ಕಬ್ಬಿಣದ ಸರಳನ್ನು ಅಂಟಿಸಿ, ಊದಿದ ಕೊಳವೆಯಿಂದ ಅದನ್ನು ಬಿಡಿಸಿಕೊಂಡು, ಬಾಯಿಯನ್ನು ಇಕ್ಕಳದಿಂದ ಅಗಲಿಸುತ್ತಾನೆ. ಕೊನೆಗೆ ಸರಳನ್ನು ತಟ್ಟಿ ಬೇರ್ಪಡಿಸಿದಾಗ ಬುಡದಲ್ಲಿ ಒಂದು ಗಾಯದ ಕಲೆ ಉಳಿಯುತ್ತದೆ. ಆಮೇಲೆ ಒಳಗಿನ ಕೋಣೆಗಳಲ್ಲಿ ಯಾವ ಹಳೆಯ ಪಾತ್ರೆಯ ಬುಡವನ್ನು ನೋಡಿದರೂ ಆ ಕಲೆಯನ್ನು ಹುಡುಕಿರಿ. ಸಾವಿರ ವರ್ಷಗಳ ಹಿಂದಿನ ಕುಶಲಿಯೂ ಇದೇ ಪೇಚಾಟವನ್ನು ಪಟ್ಟಿದ್ದನೆಂಬುದು ಅದರಿಂದ ಗೊತ್ತಾಗುತ್ತದೆ.

ಪಾತ್ರೆ ಸಿದ್ಧವಾಯಿತೆಂದು ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಅದು ಇನ್ನೂ ಸಿದ್ಧವಾಗಿಲ್ಲ. ಅದನ್ನು ಸುಮಾರು ಐನೂರು ಡಿಗ್ರಿಯಷ್ಟು ಬಿಸಿಯಿರುವ ಪೆಟ್ಟಿಗೆಯೊಳಗಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಆರಿಸಬೇಕು. ಗಾಜಿನ ಹೊರಮೈ ಬೇಗ ತಣಿದು ಬಿಗಿಯುತ್ತದೆ, ಒಳಮೈ ಇನ್ನೂ ಬಿಸಿಯಾಗಿರುತ್ತದೆ. ಒಳಗಿನದು ತಣಿದು ಕುಗ್ಗುವ ಹೊತ್ತಿಗೆ ಹೊರಗಿನದು ಜಾಗ ಕೊಡದು. ಹೀಗೆ ಹುಟ್ಟಿದ ಒಳಜಗಳ ಕಣ್ಣಿಗೆ ಕಾಣುವುದಿಲ್ಲ. ಯಾವಾಗಲೋ ಒಂದು ಸಣ್ಣ ಗೀರು ಬಿದ್ದಾಗ ಪಾತ್ರೆ ಸಿಡಿದುಹೋಗುತ್ತದೆ. ಇದನ್ನು ತೋರಿಸಲು ಒಂದು ಹಳೆಯ ವಿನೋದವುಂಟು. ಕರಗಿದ ಗಾಜಿನ ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟರೆ ಅದು ಬಾಲವುಳ್ಳ ಗೊದಮೊಟ್ಟೆಯಂತಾಗುತ್ತದೆ. ಅದರ ತಲೆಯನ್ನು ಸುತ್ತಿಗೆಯಿಂದ ಹೊಡೆದರೂ ತಡೆದುಕೊಳ್ಳುತ್ತದೆ. ಬಾಲದ ತುದಿಯನ್ನು ಚಿವುಟಿದರೆ ಇಡೀ ಹನಿ ಪುಡಿಪುಡಿ. ಕನ್ನಡದಲ್ಲಿ ತಣಿ ಎಂಬ ಧಾತುವಿಗೆ ಆರುವುದು, ತೃಪ್ತಿಯಾಗುವುದು ಎಂಬ ಎರಡು ಅರ್ಥಗಳೂ ಇವೆ. ಗಾಜಿನ ವಿಷಯದಲ್ಲಿ ಎರಡೂ ಒಂದೇ ಕೆಲಸ. ಈ ಮನೆಯಲ್ಲಿ ನೀವು ನೋಡುವ ಒಂದೊಂದು ವಸ್ತುವೂ ಉಳಿದು ಬಂದಿರುವುದು ಅದನ್ನು ಯಾರೋ ಹದವರಿತು ತಣಿಸಿದ್ದರಿಂದ.

ಇನ್ನು ಒಳಗೆ ಬನ್ನಿ. ಈಜಿಪ್ಟಿನ ದೊರೆ ಎರಡನೆಯ ಅಮೆನ್‌ಹೋಟೆಪ್‌ನದೆನ್ನುವ ಒಂದು ತಲೆ ಇದೆ. ಎರಡು ಅಂಗುಲಕ್ಕೂ ಕಡಿಮೆ. ಜನರ ನಡುವೆ ನಿಂತಿದ್ದರೆ ಕಣ್ಣಿಗೆ ಬೀಳದೆ ಹೋಗಬಹುದು. ಕ್ರಿಸ್ತನಿಗೆ ಹದಿನಾಲ್ಕು ಶತಮಾನಗಳಿಗೂ ಹಿಂದಿನದು, ಗಾಜಿನಲ್ಲಿ ಮಾಡಿದ ಅತ್ಯಂತ ಹಳೆಯ ಮುಖಗಳಲ್ಲಿ ಒಂದು. ಆಗ ಊದುವ ವಿದ್ಯೆ ಹುಟ್ಟಿರಲಿಲ್ಲ. ಗಾಜನ್ನು ಎರಕ ಹೊಯ್ದು, ಕಲ್ಲಿನಂತೆ ಕಡೆದು, ಉಜ್ಜಿ ಮಾಡುತ್ತಿದ್ದರು. ಗಾಜು ಅರಮನೆಯ ಸೊತ್ತಾಗಿತ್ತು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಮೆಡಿಟರೇನಿಯನ್ ಸಮುದ್ರದ ಮೂಡಣ ತೀರದಲ್ಲಿ ಯಾರೋ ಕೊಳವೆಯಿಂದ ಊದಿದರು. ಅವರ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಅದರಿಂದಾಗಿ ರೋಮ್ ಸಾಮ್ರಾಜ್ಯದ ಸಾಮಾನ್ಯನ ಮನೆಗೂ ಗಾಜಿನ ಬಟ್ಟಲು ಬಂತು.

ಸಾವಿರ ವರ್ಷಗಳ ಹಿಂದಿನ, ಇಸ್ಲಾಮೀ ನಾಡಿನ ಒಂದು ಹೂಜಿಯನ್ನು ತಪ್ಪದೆ ನೋಡಿರಿ. ಬಣ್ಣವಿಲ್ಲದ ಗಾಜಿನ ಮೇಲೆ ಹಸುರು ಗಾಜಿನ ತೆಳು ಹೊದಿಕೆ. ಆ ಹಸುರಿನ ಬಹುಭಾಗವನ್ನು ಅರೆದು ತೆಗೆದು, ಉಳಿಸಿದ ಗೆರೆಗಳಲ್ಲೇ ಹಕ್ಕಿಯೂ ಕೊಂಬಿನ ಮೃಗವೂ ಮೂಡಿವೆ. ಅಂದಿನ ಅರಸರು ಸ್ಫಟಿಕ ಶಿಲೆಯಲ್ಲಿ ಇಂಥ ಹೂಜಿಗಳನ್ನು ಕೊರೆಸುತ್ತಿದ್ದರು. ಗಾಜಿನವನು ಅದಕ್ಕೆ ಸರಿಗಟ್ಟಲು ಹೊರಟ. ಕಾಚವು ಮಣಿಗೆ ಸಮನಾಗದೆಂದವರಿಗೆ ಈ ಹೂಜಿಯನ್ನು ತೋರಿಸಬೇಕೆಂದು ನನಗೆ ತೋರಿತು. ವೆನಿಸ್ ನಗರದವರೂ ಹದಿನೈದನೆಯ ಶತಮಾನದಲ್ಲಿ ತಿಳಿಯಾದ ಗಾಜನ್ನು ಮಾಡಿ ಅದಕ್ಕೆ ಸ್ಫಟಿಕದ ಹೆಸರನ್ನೇ ಇಟ್ಟರು. ಇಂಗ್ಲೆಂಡಿನಲ್ಲಿ 1670ರ ದಶಕದಲ್ಲಿ ರೇವನ್ಸ್‌ಕ್ರಾಫ್ಟ್ ಎಂಬಾತ ಅದೇ ಆಸೆಯಿಂದ ಹೊರಟಾಗ ಅವನ ಮೊದಲ ಪಾತ್ರೆಗಳಿಗೆ ರೋಗ ಹಿಡಿಯಿತು. ಗಾಜಿಗೂ ರೋಗವೇ ಎನ್ನಬೇಡಿ. ಕ್ಷಾರ ಹೆಚ್ಚಾಗಿ ಸುಣ್ಣದಂಥ ದ್ರವ್ಯ ಸಾಲದೆ ಹೋದರೆ ಗಾಳಿಯ ತೇವಕ್ಕೇ ಗಾಜು ಬೆವರಿ, ಮೈಯೆಲ್ಲಾ ಕೂದಲೆಳೆಯ ಬಿರುಕುಬಿಟ್ಟು ಮಬ್ಬಾಗುತ್ತದೆ. ಅವನು ಪಾಕಕ್ಕೆ ಸೀಸದ ಭಸ್ಮವನ್ನು ಬೆರೆಸಿ ಆ ದೋಷವನ್ನು ನಿವಾರಿಸಿದ. ಸೀಸದ ಗಾಜು ತೂಕವುಳ್ಳದ್ದು, ಬೆಳಕನ್ನು ಚೆನ್ನಾಗಿ ಮುರಿಯುವಂಥದು. ಬಣ್ಣ ಚೆಲ್ಲುವ ತೂಗುದೀಪಗಳ ಸೊಬಗೆಲ್ಲ ಅದರದು.

ತೂಗುದೀಪವೆಂದಾಗ ನಮ್ಮ ದೇಶದ ಮಾತೂ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿಯವರು ಕಲ್ಕತ್ತೆಯಲ್ಲಿ ಮಳಿಗೆ ತೆರೆದು ನಮ್ಮ ರಾಜರುಗಳಿಗೆ ಕಡೆದ ಗಾಜಿನ ಪೀಠೋಪಕರಣಗಳನ್ನು ಮಾರಿದರು: ಗಾಜಿನ ಕುರ್ಚಿ, ಗಾಜಿನ ಮೇಜು! 2006ರಲ್ಲಿ ಕಾರ್ನಿಂಗಿನಲ್ಲಿ ಇವುಗಳದೇ ಒಂದು ಪ್ರದರ್ಶನ ನಡೆಯಿತು. ಕುಳಿತುಕೊಳ್ಳಲು ಹಿತವಾಗಿದ್ದಿರಲಾರದು, ಕುಳಿತುಕೊಳ್ಳಲೆಂದು ಮಾಡಿದ್ದೂ ಅಲ್ಲವೆಂದು ಕಾಣುತ್ತದೆ.

ಊರಿನ ಕಥೆಯನ್ನು ಇಲ್ಲಿ ಒಂದು ಮಾತಿನಲ್ಲಿ ಹೇಳಿಬಿಡುವುದು ಒಳ್ಳೆಯದು. 1851ರಲ್ಲಿ ಶುರುವಾದ ಹೌಟನ್ ಮನೆತನದ ಗಾಜಿನ ಉದ್ಯಮ 1868ರಲ್ಲಿ ಬ್ರೂಕ್ಲಿನ್ನಿನಿಂದ ಕಾರ್ನಿಂಗಿಗೆ ಬಂತು. 1880ರ ಸುಮಾರಿಗೆ ಎಡಿಸನ್ನರ ವಿದ್ಯುದ್ದೀಪಕ್ಕೆ ಬುರುಡೆ ಊದಿಕೊಟ್ಟದ್ದು ಈ ಕಾರ್ಖಾನೆ. ಹಳೆಯ ರೇಡಿಯೋ ಪೆಟ್ಟಿಗೆಯ ಹಿಂದಿನ ಹಲಗೆಯನ್ನು ತೆಗೆದು, ಒಳಗೆ ಮೆಲ್ಲಗೆ ಕೆಂಪಾಗುತ್ತಿದ್ದ ವಾಲ್ವುಗಳನ್ನು ನೋಡಿದ ನೆನಪು ನಿಮ್ಮಲ್ಲಿ ಹಲವರಿಗೆ ಇದ್ದೀತು. ಅಂಥ ವಾಲ್ವುಗಳ ಗಾಜೂ ಈ ಊರಿನಲ್ಲಿ ತಯಾರಾಗುತ್ತಿತ್ತು. ಅಲಂಕಾರದ ಗಾಜಿಗೂ ಊರು ಹೆಸರಾಯಿತು. 1903ರಲ್ಲಿ ಇಂಗ್ಲೆಂಡಿನಿಂದ ಬಂದ ಫ್ರೆಡೆರಿಕ್ ಕಾರ್ಡರ್ ಇಲ್ಲಿ ಸ್ಟೂಬೆನ್ ಗಾಜಿನ ಸಂಸ್ಥೆಯನ್ನು ಕಟ್ಟುವುದರಲ್ಲಿ ಕೈಗೂಡಿಸಿ, ನವಿಲುಗರಿಯಂತೆ ಹೊಳೆಯುವ ಪಾತ್ರೆಗಳನ್ನು ಮಾಡಿದರು. 1963ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡರು. ಅವರ ಕೃತಿಗಳಿಗೇ ಒಂದು ಶಾಲೆ ಮೀಸಲಾಗಿದೆ. ವಸ್ತುಸಂಗ್ರಹಾಲಯ ಹುಟ್ಟಿದ್ದು ಕಾರ್ಖಾನೆಗೆ ನೂರು ವರ್ಷವಾದಾಗ, 1951ರಲ್ಲಿ.

ಡೇರೆಯಲ್ಲಿ ಮಲಗಿ ಬಂದವರಿಗೆ ಲಾಂದ್ರದ ಕಥೆ ಬೇಗ ಅರ್ಥವಾಗುತ್ತದೆ. ಉರಿಯುವ ಲಾಂದ್ರದ ಗಾಜಿನ ಮೇಲೆ ಮಳೆಯ ನಾಲ್ಕು ಹನಿ ಬಿದ್ದರೆ ಅದು ಚಟ್ಟನೆ ಸೀಳುತ್ತದೆಯಷ್ಟೆ. ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದಾಗ ಆಗುವುದೂ ಅದೇ: ಕಾವು ತಾಗಿದ ಕಡೆ ಹಿಗ್ಗುತ್ತದೆ, ತಾಗದ ಕಡೆ ಹಿಗ್ಗದು, ನಡುವೆ ಬಿರುಕು. ಅಮೆರಿಕದ ರೈಲ್ವೆಯವರಿಗೆ ಇದು ಪ್ರಾಣಸಂಕಟದ ವಿಷಯವಾಗಿತ್ತು; ಮಳೆ ಹಿಮಗಳಲ್ಲಿ ಸೂಚನೆಯ ಲಾಂದ್ರ ಒಡೆದು ಆರಿದರೆ ರೈಲುಗಳಿಗೆ ಅಪಾಯ. ಕಾವಿಗೆ ಬಹಳ ಕಡಿಮೆ ಹಿಗ್ಗುವ ಗಾಜನ್ನು ಕಾರ್ನಿಂಗಿನ ವಿಜ್ಞಾನಿಗಳು ಬೋರಾನ್ ಬೆರೆಸಿ ಮಾಡಿದರು. ಅವರಲ್ಲೊಬ್ಬರಾದ ಜೆಸ್ಸಿ ಲಿಟಲ್‌ಟನ್ನರ ಹೆಂಡತಿ ಬೆಸ್ಸಿಯವರ ಮಣ್ಣಿನ ಬೇಯಿಸುವ ಪಾತ್ರೆಯೊಂದು ಒಡೆಯಿತಂತೆ. 1913ರಲ್ಲಿ ಗಂಡ ಕಾರ್ಖಾನೆಯಿಂದ ಬ್ಯಾಟರಿಯ ಗಾಜಿನ ಜಾಡಿಯ ಬುಡವನ್ನು ಕೊಯ್ದು ತಂದುಕೊಟ್ಟರು. ಆಕೆ ಅದರಲ್ಲಿ ಕೇಕು ಬೇಯಿಸಿ ಕಳುಹಿಸಿದರು. 1915ರಲ್ಲಿ ಪೈರೆಕ್ಸ್ ಎಂಬ ಹೆಸರಿನಿಂದ ಅಡುಗೆಯ ಪಾತ್ರೆಗಳು ಪೇಟೆಗೆ ಬಂದವು. ಲಾಂದ್ರಕ್ಕೆ ಹುಟ್ಟಿದ ಗಾಜನ್ನು ಒಲೆಗೆ ತಂದ ಯಶಸ್ಸಿನಲ್ಲಿ ಆ ಗೃಹಿಣಿಯ ಪಾಲು ಗಂಡನದಕ್ಕಿಂತ ಕಡಿಮೆಯದೆಂದು ನಾನಂತೂ ಎಣಿಸಲಾರೆ.

ಅದೇ ಜಾತಿಯ ಗಾಜಿನಿಂದ ಆದದ್ದು ಈ ಮನೆಯ ಅತಿ ದೊಡ್ಡ ವಸ್ತು. ಕ್ಯಾಲಿಫೋರ್ನಿಯದ ಪಾಲೊಮಾರ್ ಬೆಟ್ಟದ ದೂರದರ್ಶಕ ಯಂತ್ರಕ್ಕೆ 200 ಅಂಗುಲ ಅಗಲದ ಕನ್ನಡಿ ಬೇಕಾಗಿತ್ತು. ಅಂದರೆ ಸುಮಾರು ಹದಿನೇಳು ಅಡಿ, ಇಪ್ಪತ್ತು ಟನ್ ತೂಕದ ಗಾಜಿನ ಬಿಲ್ಲೆ. ಭಾರ ತಗ್ಗಲೆಂದು ಹಿಂಬದಿಯಲ್ಲಿ ಜೇನುಗೂಡಿನಂತೆ ಗುಳಿಗಳಿರಬೇಕು. ಆ ಗುಳಿಗಳಿಗಾಗಿ ಅಚ್ಚಿನೊಳಗೆ ಇಟ್ಟಿಗೆಯ ಗಟ್ಟಿಗಳನ್ನು ಲೋಹದ ಮೊಳೆಗಳಿಂದ ಬಿಗಿದಿದ್ದರು. 1934ರ ಮಾರ್ಚ್ 25ರಂದು, ನೋಡಬಂದ ಜನರ ಮುಂದೆಯೇ ಗಾಜನ್ನು ಹೊಯ್ಯುತ್ತಿದ್ದಾಗ ಕಾವಿಗೆ ಮೊಳೆಗಳು ಸೋತು, ಗಟ್ಟಿಗಳು ಕಿತ್ತು ಮೇಲಕ್ಕೆ ತೇಲಿದವು. ಬಿಲ್ಲೆ ಕೆಟ್ಟಿತು. ಡಿಸೆಂಬರ್ 2ರಂದು, ಗಟ್ಟಿ ಉಕ್ಕಿನ ಮೊಳೆಗಳನ್ನು ಹಾಕಿ ಮತ್ತೊಂದನ್ನು ಹೊಯ್ದರು. ಅದನ್ನು ತಣಿಸಲು ಹಿಡಿದ ಕಾಲವನ್ನು ಕೇಳಿ: ಹತ್ತು ತಿಂಗಳು! ದಿನಕ್ಕೆ ಒಂದು ಡಿಗ್ರಿಗಿಂತಲೂ ಕಡಿಮೆ ಇಳಿಸುತ್ತಾ ಬಂದರು. ಅರ್ಧ ದಾರಿ ಕಳೆದಿತ್ತು, 1935ರ ಜುಲೈ ಬಂತು. ವಾಟ್ಕಿನ್ಸ್ ಗ್ಲೆನ್ನಿನ ದಾರಿಗಳನ್ನು ಕೊಚ್ಚಿದ ಆ ಮಳೆಯೇ ಕಾರ್ನಿಂಗಿನ ಚೆಮಂಗ್ ನದಿಯನ್ನೂ ಉಕ್ಕಿಸಿತು. ತಣಿಸುವ ಒಲೆಯ ವಿದ್ಯುತ್ ಯಂತ್ರಗಳ ಬುಡಕ್ಕೆ ನೀರು ಬಂದು, ಅವುಗಳನ್ನು ಮೇಲಕ್ಕೆ ಸಾಗಿಸಬೇಕಾಯಿತು; ಅಷ್ಟು ಹೊತ್ತು ಕಾವು ನಿಂತುಹೋಯಿತು. ಬಿಲ್ಲೆ ಬಿರುಕುಬಿಟ್ಟಿದೆಯೋ ಇಲ್ಲವೋ ತಿಳಿಯಲು ತಿಂಗಳುಗಟ್ಟಲೆ ಕಾಯಬೇಕಾಗಿತ್ತು. ಬಿಟ್ಟಿರಲಿಲ್ಲ. 1936ರಲ್ಲಿ ಅದನ್ನು ಲಂಬವಾಗಿ ನಿಲ್ಲಿಸಿ ರೈಲಿನಲ್ಲಿ ಮೆಲ್ಲಗೆ ದೇಶದ ಪಡುವಣ ತುದಿಗೆ ಸಾಗಿಸಿದರು. ಉಜ್ಜಿ ನಯಗೊಳಿಸಿ, ನಡುವೆ ಯುದ್ಧವೂ ಬಂದು ಹೋಗಿ, 1948ರಲ್ಲಿ ಯಂತ್ರದ ಪ್ರತಿಷ್ಠೆಯಾಯಿತು.

ಕಾರ್ನಿಂಗಿನಲ್ಲಿ ನೀವು ನೋಡುವುದು ಆ ಗೆದ್ದ ಬಿಲ್ಲೆಯನ್ನಲ್ಲ, ಮಾರ್ಚಿಯಲ್ಲಿ ಕೆಟ್ಟ ಮೊದಲನೆಯದನ್ನು. ಅದನ್ನೇ ಎತ್ತಿ ನಿಲ್ಲಿಸಿದ್ದಾರೆ. ನನ್ನ ಕೇಳಿದರೆ, ಆ ಮನೆಯವರ ದೊಡ್ಡಸ್ತಿಕೆ ಕಾಣುವುದು ಅಲ್ಲಿ.

ಅಷ್ಟು ದೊಡ್ಡದನ್ನು ನೋಡಿದ ಕಣ್ಣಿಗೆ ಆಮೇಲೆ ಅತಿ ಸಣ್ಣದನ್ನು ತೋರಿಸಬೇಕು. ಡ್ರೆಸ್ಡನ್ನಿನ ಬಳಿ ವಾಸವಾಗಿದ್ದ ಲಿಯೋಪೋಲ್ಡ್ ಬ್ಲಾಷ್ಕಾ ಮತ್ತು ಅವರ ಮಗ ರುಡಾಲ್ಫ್, ದೀಪದ ಉರಿಯಲ್ಲಿ ಗಾಜಿನ ಕಡ್ಡಿಗಳನ್ನು ಮಿದುಗೊಳಿಸಿ ಕಡಲ ಜೀವಿಗಳನ್ನು ಮಾಡುತ್ತಿದ್ದರು. ಅಂಬಲಿ ಮೀನು, ಕಡಲ ಹೂವು ಮುಂತಾದ ಎಲುಬಿಲ್ಲದ ಪ್ರಾಣಿಗಳನ್ನು ಸಾರಾಯದ ಸೀಸೆಯಲ್ಲಿಟ್ಟರೆ ಬಣ್ಣವೂ ಆಕಾರವೂ ಕೆಡುತ್ತವೆ. ಪಾಠ ಹೇಳುವವರಿಗೆ ಅದರಿಂದ ತೊಂದರೆ. ಆದುದರಿಂದ 1885ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದವರು ಈ ತಂದೆಮಕ್ಕಳಿಂದ ಐನೂರಕ್ಕೂ ಹೆಚ್ಚು ಗಾಜಿನ ಮಾದರಿಗಳನ್ನು ತರಿಸಿದರು. ಅವುಗಳಲ್ಲಿ ಕೆಲವು ಕಾರ್ನಿಂಗಿನಲ್ಲಿ ನೋಡಸಿಕ್ಕಿವೆ. ಎಳೆ ಎಳೆಯಾದ ಮೀಸೆಗಳು, ನೀರಿನಲ್ಲಿ ಅಲೆಯುತ್ತಿರುವಂಥ ಅಂಚು. ಉಸಿರು ಬಿಟ್ಟರೆ ಮುರಿದೀತೆಂಬ ಭಯ. ಇವರೇ ಮುಂದೆ 1887ರಿಂದ 1936ರವರೆಗೆ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕಾಗಿ ಗಾಜಿನ ಗಿಡ ಹೂಗಳನ್ನು ಮಾಡಿಕೊಟ್ಟರು. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದ ಉಪಾಧ್ಯಾಯನಿಗೆ ಇಂಥ ಪಾಠೋಪಕರಣವನ್ನು ಕಂಡರೆ ಸ್ವಲ್ಪ ಅಸೂಯೆಯಾಗುವುದು ಸಹಜ.

ಟಿಫನಿಯವರ 1905ರ ಒಂದು ದೊಡ್ಡ ಕಿಟಕಿಯೂ ಇಲ್ಲಿದೆ. ಹಡ್ಸನ್ ನದಿಯ ನೋಟ. ಬಣ್ಣವನ್ನು ಮೇಲೆ ಬಳಿದದ್ದಲ್ಲ, ಗಾಜಿನೊಳಗೇ ಬೆರೆಸಿದ್ದು. ಮೈಸೂರು ಅರಮನೆಯ ಕಲ್ಯಾಣಮಂಟಪದಲ್ಲಿ ನವಿಲಿನ ಗಾಜಿನ ಮಾಡನ್ನು ನೋಡಿದವರು ಇದರ ಮುಂದೆ ತಾವೇ ನಿಲ್ಲುತ್ತಾರೆ, ಹೇಳಬೇಕಾದದ್ದಿಲ್ಲ. 2015ರಲ್ಲಿ ತೆರೆದ ಹೊಸ ಶಾಲೆಗಳಲ್ಲಿ ಇಂದಿನವರ ಕೃತಿಗಳಿವೆ. ಅವುಗಳಲ್ಲಿ ಕೆಲವು ನನಗೆ ಹಿಡಿಸಿದವು, ಕೆಲವು ಹಿಡಿಸಲಿಲ್ಲ. ಇವುಗಳ ಹಿಂದೆಯೂ ಲಿಟಲ್‌ಟನ್ನರ ಮನೆಯವರೇ ಇದ್ದಾರೆ. ಕೇಕು ಬೇಯಿಸಿದ ಬೆಸ್ಸಿಯವರ ಮಗ ಹಾರ್ವಿ 1922ರಲ್ಲಿ ಇದೇ ಊರಿನಲ್ಲಿ ಹುಟ್ಟಿದರು. ಗಾಜನ್ನು ಕಾರ್ಖಾನೆಯಲ್ಲಲ್ಲದೆ ಕಲಾವಿದನೊಬ್ಬನೇ ತನ್ನ ಕೋಣೆಯಲ್ಲಿ ಕರಗಿಸಿ ಊದಬಹುದೆಂದು ಅವರ ಹಟ. 1962ರಲ್ಲಿ ಟೊಲಿಡೋ ನಗರದಲ್ಲಿ ಕೆಲವರನ್ನು ಸೇರಿಸಿ ಸಣ್ಣ ಒಲೆ ಹೂಡಿದರು. ಮೊದಲ ಪಾಕ ಸರಿಹೋಗಲಿಲ್ಲ. ಆಗ ಡೊಮಿನಿಕ್ ಲಬೀನೋ ಎಂಬ ಅನುಭವಿಯೊಬ್ಬರು ಕಾರ್ಖಾನೆಯ ಗಾಜಿನ ಗೋಲಿಗಳನ್ನು ಕರಗಿಸಿ ನೋಡಿ ಎಂದರು. ಮಕ್ಕಳು ಆಡುವಂಥ ಗೋಲಿಗಳಿಂದ ಆ ದೇಶದ ಹೊಸ ಗಾಜಿನ ಕಲೆ ಶುರುವಾಯಿತು.

ಗಾಜನ್ನು ಉಳಿಸಿಕೊಳ್ಳುವುದೂ ಮಾಡುವಷ್ಟೇ ಕಷ್ಟ. 1972ರ ಜೂನ್ 23ರಂದು ಚೆಮಂಗ್ ನದಿ ಮತ್ತೆ ಉಕ್ಕಿತು. ವಸ್ತುಸಂಗ್ರಹಾಲಯದೊಳಗೆ ಐದು ಅಡಿಗೂ ಮೇಲೆ ನೀರು ನಿಂತಿತು. ಅಂದು ಅಲ್ಲಿದ್ದ ಸುಮಾರು 13,000 ವಸ್ತುಗಳಲ್ಲಿ 528ಕ್ಕೆ ಪೆಟ್ಟಾಯಿತು. ಗಾಜಿಗಿಂತ ಪುಸ್ತಕಗಳ ಪಾಡು ಕಷ್ಟವಾಯಿತು. ನೆನೆದ ಪುಸ್ತಕಗಳಿಗೆ ಬೂಷ್ಟು ಹಿಡಿಯದಂತೆ ಅವುಗಳನ್ನು ಹೆಪ್ಪುಗಟ್ಟಿಸಿ ಇಟ್ಟು, ಸ್ವಲ್ಪ ಸ್ವಲ್ಪವಾಗಿ ಒಣಗಿಸಿದರು. ಕೆಸರಿನಲ್ಲಿ ಚೂರುಗಳನ್ನು ಹುಡುಕಿ ತೊಳೆದು ಕೂಡಿಸುವ ಕೆಲಸ ನಡೆಯುತ್ತಿರುವಾಗಲೇ ಆಗಸ್ಟ್ 1ಕ್ಕೆ ಬಾಗಿಲನ್ನು ಮತ್ತೆ ತೆರೆದರು. 1980ರಲ್ಲಿ ಕಟ್ಟಿದ ಹೊಸ ಕಟ್ಟಡವನ್ನು ನೆರೆಯ ಮಟ್ಟಕ್ಕಿಂತ ಮೇಲೆ, ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ.

ಹೊರಡುವ ಮುನ್ನ ಅಂಗಡಿಯಲ್ಲಿ ಏನನ್ನಾದರೂ ಕೊಳ್ಳುವಿರಾದರೆ ತಿರುಗಿಸಿ ಬುಡ ನೋಡಿ ಕೊಳ್ಳಿ. ಮನೆಯವರು ಕೊಂಡ ಒಂದು ನೀಲಿ ಬಟ್ಟಲನ್ನು ನಾವು ಡೇರೆಯ ಕಂಬಳಿಯಲ್ಲಿ ಸುತ್ತಿ, ನಯಾಗರಾಕ್ಕೂ ಹೋಗಿ, ಆಮೇಲೆ ಇಲ್ಲಿಯವರೆಗೂ ತಂದೆವು. ಅದರಲ್ಲಿ ಈಗ ಅರಿಸಿನ ಕುಂಕುಮ ಇಟ್ಟಿದ್ದಾರೆ.